ಓದಲೊಲ್ಲದ ಹುಡುಗರೂ ನಗುವ ಪತ್ತೇದಾರರೂ

ಹನ್ನೆರಡು ಹದಿಮೂರು ವರ್ಷದ ಹುಡುಗರು ಪುಸ್ತಕವನ್ನು ಮುಟ್ಟುವುದಿಲ್ಲ ಎಂಬ ದೂರು ಇಂದಿನದಲ್ಲ. ನಮ್ಮ ಹಿರಿಯರು ನಮ್ಮ ವಿಷಯದಲ್ಲಿ ಇದನ್ನೇ ಹೇಳುತ್ತಿದ್ದರು. ಅವರ ಹಿರಿಯರು ಅವರ ವಿಷಯದಲ್ಲಿಯೂ ಹೇಳಿದ್ದಿರಬೇಕು. ಒಂದು ಕಾಲಕ್ಕೆ ಗೋಲಿ, ಚಿನ್ನಿದಾಂಡುಗಳು ಅಪರಾಧಿಗಳಾಗಿದ್ದವು. ಆಮೇಲೆ ಸಿನಿಮಾದ ಮೇಲೆ ತಪ್ಪು ಹೊರಿಸಿದೆವು. ಅನಂತರ ಟೆಲಿವಿಷನ್ನಿನ ಸರದಿ ಬಂತು. ಈಗ ಮೊಬೈಲ್ ಫೋನು ಕಟಕಟೆಯಲ್ಲಿ ನಿಂತಿದೆ. ಪತ್ತೇದಾರಿ ಕಥೆಗಳನ್ನು ನಾಲ್ಕಾರು ಓದಿದವನಿಗೆ ಇಲ್ಲಿ ಒಂದು ಸಂಶಯ ಹುಟ್ಟಬೇಕು. ಒಂದೇ ಕಳವಿಗೆ ಪ್ರತಿ ಸಲವೂ ಬೇರೆ ಬೇರೆಯವರು ಸಿಕ್ಕಿಬೀಳುತ್ತಿದ್ದರೆ, ನಿಜವಾದ ಕಳ್ಳ ಇನ್ನೆಲ್ಲೋ ಇದ್ದಾನೆ ಎಂದೇ ಅರ್ಥ. ಆ ಕಳ್ಳ ಪುಸ್ತಕವನ್ನು ಆರಿಸಿ ಕೊಡುವ ನಮ್ಮ ನಡುವೆಯೇ ಇರಬಹುದೆಂದು ನನ್ನ ಅನುಮಾನ.

ಈ ವಯಸ್ಸಿನ ಕಷ್ಟವನ್ನು ಸ್ವಲ್ಪ ವಿಚಾರಿಸಿ ನೋಡಿ. ಹತ್ತು ವರ್ಷದವರೆಗೆ ಮಗುವಿಗೆ ಚಿತ್ರಗಳ ಪುಸ್ತಕ, ಕಾಗಕ್ಕ ಗುಬ್ಬಕ್ಕನ ಕಥೆ, ರಾಜಕುಮಾರಿಯ ಕಥೆ ಸಾಕು. ಹದಿನಾರು ದಾಟಿದ ಮೇಲೆ ಓದುವ ಮನಸ್ಸುಳ್ಳವರು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುತ್ತಾರೆ. ನಡುವಿನ ನಾಲ್ಕೈದು ವರ್ಷಗಳು ಯಾರಿಗೂ ಸೇರದ ಸೀಮೆ. ಹುಡುಗನಿಗೆ ಮೀಸೆ ಮೂಡುವ ಸೂಚನೆ ಕಾಣುತ್ತಿದೆ. ಮಕ್ಕಳ ಪುಸ್ತಕ ಹಿಡಿದು ಕೂರಲು ನಾಚಿಕೆ. ಹುಡುಗಿಯರ ಪಾಡೂ ಇದೇ. ಮುಂದೆ ನಾನು ಹುಡುಗ ಎಂದಲ್ಲೆಲ್ಲ ಹುಡುಗಿಯೂ ಸೇರಿದ್ದಾಳೆ ಎಂದು ತಿಳಿಯಬೇಕು. ದೊಡ್ಡವರ ಕಾದಂಬರಿಯ ದಾಂಪತ್ಯವಿರಸವಾಗಲಿ ಜೀವನದರ್ಶನವಾಗಲಿ ಅವರಿಗೆ ಇನ್ನೂ ಎಟುಕದು. ಇಂಥವರ ಕೈಗೆ ನಾವು ಕೊಡುವುದೇನನ್ನು? ಮಹಾಪುರುಷರ ಚರಿತ್ರೆ, ನೀತಿಕಥೆಗಳ ಸಂಗ್ರಹ, ಬಹುಮಾನ ವಿತರಣೆಗೆಂದು ಕಟ್ಟುಕಟ್ಟಾಗಿ ಕೊಂಡುತಂದ ಪುಸ್ತಕಗಳು. ಅವು ಕೆಟ್ಟ ಪುಸ್ತಕಗಳೆಂದು ನಾನು ಹೇಳುವುದಿಲ್ಲ. ಆದರೆ ತನ್ನನ್ನು ತಿದ್ದುವುದಕ್ಕಾಗಿಯೇ ಈ ಪುಸ್ತಕ ಬಂದಿದೆಯೆಂಬುದು ಹುಡುಗನಿಗೆ ರಟ್ಟನ್ನು ನೋಡಿದ ಕೂಡಲೆ ತಿಳಿಯುತ್ತದೆ. ತಿದ್ದಿಸಿಕೊಳ್ಳುವ ಆಸೆ ಯಾರಿಗಿದೆ? ನಮಗಿದೆಯೆ?

ಓದಲೊಲ್ಲದ ಈ ವಯಸ್ಸಿನವರಿಗೆ ಮೊದಲು ಕೊಡಬೇಕಾದದ್ದು ನಗೆ ಬೆರೆತ ಪತ್ತೇದಾರಿ ಕಥೆ ಎಂಬುದು ನನ್ನ ಅಭಿಪ್ರಾಯ. ಬಹುಕಾಲ ಉಪಾಧ್ಯಾಯನಾಗಿದ್ದು ಈ ಮಾತನ್ನು ಹೇಳುತ್ತಿದ್ದೇನೆ. ಕುತೂಹಲ ಹುಡುಗನನ್ನು ಮುಂದಿನ ಪುಟಕ್ಕೆ ಎಳೆಯುತ್ತದೆ. ನಗೆ ಅವನನ್ನು ಈ ಪುಟದಲ್ಲಿ ನಿಲ್ಲಿಸುತ್ತದೆ. ಕುತೂಹಲ ಮಾತ್ರವಿದ್ದರೆ ಆತ ಕೊನೆಯ ಪುಟವನ್ನು ತಿರುವಿ ಕಳ್ಳನ ಹೆಸರು ತಿಳಿದುಕೊಂಡು ಪುಸ್ತಕ ಮುಚ್ಚುತ್ತಾನೆ. ನಗೆ ಮಾತ್ರವಿದ್ದರೆ ಹತ್ತು ಪುಟಕ್ಕೆ ಸಾಕಾಗುತ್ತದೆ. ಎರಡೂ ಸೇರಿದಾಗ ಓದಲು ಕಷ್ಟಪಡುವವನೂ ತನಗೆ ತಿಳಿಯದಂತೆ ನೂರು ಪುಟ ನಡೆದುಬಿಡುತ್ತಾನೆ. ನಮ್ಮ ಹಿಂದಿನವರಿಗೆ ಈ ಗುಟ್ಟು ಗೊತ್ತಿತ್ತು. ತೋಟದಲ್ಲಿ ಅಡಗಿದ ಕಳ್ಳರಿಗೆ ಕೇಳಿಸುವಂತೆ ಒಡವೆಯ ಪೆಟ್ಟಿಗೆಯನ್ನು ಬಾವಿಗೆ ಹಾಕುವ ಮಾತಾಡಿ, ಅವರಿಂದಲೇ ರಾತ್ರಿಯೆಲ್ಲ ನೀರು ಸೇದಿಸಿ ಗಿಡಗಳಿಗೆ ಹಾಯಿಸಿಕೊಂಡ ತೆನಾಲಿ ರಾಮಕೃಷ್ಣ ಯಾವ ಪತ್ತೇದಾರನಿಗೆ ಕಡಮೆ? ಬೇತಾಳ ಪ್ರತಿ ಕಥೆಯ ತುದಿಯಲ್ಲಿಯೂ ಒಂದು ಪ್ರಶ್ನೆಯನ್ನಿಟ್ಟು ವಿಕ್ರಮನ ತಲೆಯನ್ನು ಕೆಣಕುತ್ತಿದ್ದ. ‘ಚಂದಮಾಮ’ ಬರುತ್ತಿದ್ದ ದಿನಗಳಲ್ಲಿ ತಿಂಗಳು ತಿಂಗಳೂ ಆ ಪ್ರಶ್ನೆಗಾಗಿ ಕಾದ ಮನೆಗಳು ಎಷ್ಟೋ.

ಇಲ್ಲಿ ಆಕ್ಷೇಪಣೆ ಏಳುತ್ತದೆಂದು ಬಲ್ಲೆ. ‘ಪತ್ತೇದಾರಿ’ ಎಂಬ ಶಬ್ದಕ್ಕೇ ನಮ್ಮ ವಿದ್ವದ್ವಲಯದಲ್ಲಿ ಮೈಲಿಗೆ ಅಂಟಿಕೊಂಡಿದೆ. ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಹೆಚ್ಚು ಕಲಿತವರಲ್ಲ. ಆದರೂ ನೂರಾರು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದವರು ಒಂದು ತಲೆಮಾರಿನಲ್ಲಿ ತುಂಬ ಮಂದಿ. ಸಾಹಿತ್ಯ ಚರಿತ್ರೆಗಳಲ್ಲಿ ಅವರಿಗೆ ದೊರೆತ ಜಾಗ ಅಲ್ಪ. ಕನ್ನಡ ಓದುವ ಅಭ್ಯಾಸವನ್ನು ಸಾಮಾನ್ಯ ಜನದಲ್ಲಿ ಬೆಳೆಸಿದ ಪುಣ್ಯ ಅಲ್ಪವಲ್ಲ. ಓದಲೊಲ್ಲದ ಹುಡುಗನ ಮುಂದೆ ಒಂದು ಕಡೆ ಮಹಾಕಾವ್ಯ, ಇನ್ನೊಂದು ಕಡೆ ಪತ್ತೇದಾರಿ ಕಾದಂಬರಿ ಇದ್ದು ಅವನು ಎರಡನೆಯದನ್ನು ಹಿಡಿದನೆಂದು ನಾವು ಕೊರಗುತ್ತೇವೆ. ವಾಸ್ತವದಲ್ಲಿ ಅವನ ಮುಂದಿರುವುದು ಪತ್ತೇದಾರಿ ಪುಸ್ತಕ, ಇಲ್ಲವೆ ಯಾವ ಪುಸ್ತಕವೂ ಇಲ್ಲ ಎಂಬ ಎರಡೇ ದಾರಿ.

ಹಾಗೆಂದಮಾತ್ರಕ್ಕೆ ಯಾವ ಪತ್ತೇದಾರಿ ಪುಸ್ತಕವಾದರೂ ಸರಿಯೆಂದು ನನ್ನ ವಾದವಲ್ಲ. ಪುರುಷೋತ್ತಮನ ಸಾಹಸಗಳನ್ನು ಬರೆದದ್ದು ದೊಡ್ಡವರಿಗಾಗಿ. ಹನ್ನೆರಡರ ಹುಡುಗನಿಗೆ ಆರಿಸುವಾಗ ಒಂದು ಅಳತೆಗೋಲು ಬೇಕು. ಆ ಅಳತೆಗೋಲನ್ನು ಶಾಸ್ತ್ರವಾಗಿ ಹೇಳುವುದಕ್ಕಿಂತ ಒಂದು ಒಳ್ಳೆಯ ಪುಸ್ತಕದಿಂದ ತೆಗೆದು ತೋರಿಸುವುದು ಲೇಸು.

ಜರ್ಮನ್ ಲೇಖಕ ಎರಿಕ್ ಕೆಸ್ಟ್ನರ್ 1929ರಲ್ಲಿ ‘ಎಮಿಲ್ ಮತ್ತು ಪತ್ತೇದಾರರು’ ಎಂಬ ಕಾದಂಬರಿಯನ್ನು ಪ್ರಕಟಿಸಿದ. ಎಮಿಲ್ ಬಡ ತಾಯಿಯ ಒಬ್ಬನೇ ಮಗ. ತಾಯಿ ಮನೆಯಲ್ಲಿಯೇ ಹೆಂಗಸರ ತಲೆಗೂದಲು ತೊಳೆದು ಓರಣಮಾಡಿ ಸಂಸಾರ ಸಾಗಿಸುವವಳು. ಬರ್ಲಿನಿನಲ್ಲಿರುವ ಅಜ್ಜಿಗೆ ಕೊಡಲೆಂದು ಅವಳು ಮಗನ ಕೈಯಲ್ಲಿ 120 ಮಾರ್ಕುಗಳನ್ನೂ ಅವನ ಖರ್ಚಿಗೆ 20 ಮಾರ್ಕುಗಳನ್ನೂ ಕಳಿಸುತ್ತಾಳೆ. ಎಮಿಲ್ ಆ ಹಣದ ಲಕೋಟೆಯನ್ನು ಕೋಟಿನ ಒಳಜೇಬಿಗೆ ಗುಂಡುಸೂಜಿಯಿಂದ ಚುಚ್ಚಿಕೊಳ್ಳುತ್ತಾನೆ. ರೈಲಿನಲ್ಲಿ ಗಟ್ಟಿಹ್ಯಾಟಿನ ಮಹಾಶಯನೊಬ್ಬ ಸಿಕ್ಕಿ, ಬರ್ಲಿನಿನಲ್ಲಿ ಕೈಯಲ್ಲಿ ಕಾಸಿಲ್ಲದವರು ಬ್ಯಾಂಕಿಗೆ ಹೋಗಿ ಮಿದುಳನ್ನು ಒತ್ತೆಯಿಟ್ಟು ಹಣ ತರುತ್ತಾರೆಂಬಂಥ ಬುರುಡೆಗಳನ್ನು ಬಿಡುತ್ತಾನೆ, ಚಾಕಲೇಟು ಕೊಡುತ್ತಾನೆ. ಎಮಿಲ್ ನಿದ್ದೆಯಿಂದ ಎದ್ದಾಗ ಮಹಾಶಯನೂ ಇಲ್ಲ, ಹಣವೂ ಇಲ್ಲ.

ಪೊಲೀಸರಿಗೆ ಏಕೆ ಹೇಳಬಾರದು? ಊರಿನಲ್ಲಿ ಪುರಾತನ ಪ್ರಭುವೊಬ್ಬನ ವಿಗ್ರಹಕ್ಕೆ ಗೆಳೆಯರೊಡನೆ ಸೇರಿ ಕೆಂಪು ಮೂಗನ್ನೂ ಕರಿಮೀಸೆಯನ್ನೂ ಬಳಿದ ಅಪರಾಧ ಎಮಿಲ್ಲನ ತಲೆಯ ಮೇಲಿದೆ! ಆದ್ದರಿಂದ ತಾನೇ ಕಳ್ಳನ ಬೆನ್ನು ಹತ್ತುತ್ತಾನೆ. ಅಪರಿಚಿತ ನಗರದಲ್ಲಿ ಮೋಟಾರಿನ ಹಾರನ್ನನ್ನು ಹಿಡಿದು ಓಡಾಡುವ ಒಬ್ಬ ಹುಡುಗ ಸ್ನೇಹಿತನಾಗುತ್ತಾನೆ. ಅವನ ಬಳಗವೆಲ್ಲ ಸೇರುತ್ತದೆ. ಒಬ್ಬ ಸಣ್ಣವನಿಗೆ ಮನೆಯಲ್ಲಿ ಟೆಲಿಫೋನಿನ ಬಳಿ ಕೂರುವ ಕೆಲಸ ಬರುತ್ತದೆ. ಎಲ್ಲ ಸಂಭ್ರಮವನ್ನೂ ತಪ್ಪಿಸಿಕೊಂಡು ಅವನು ಅಲ್ಲೇ ಕೂರುತ್ತಾನೆ. ಕಡೆಗೆ ಮಕ್ಕಳ ದಂಡೇ ಕಳ್ಳನನ್ನು ಸುತ್ತುವರಿದು ಬ್ಯಾಂಕಿನವರೆಗೆ ಹಿಂಬಾಲಿಸುತ್ತದೆ. ಹಣ ನಿನ್ನದೆಂಬುದಕ್ಕೆ ಸಾಕ್ಷಿಯೇನು ಎಂಬ ಪ್ರಶ್ನೆ ಬಂದಾಗ ಎಮಿಲ್ಲನಿಗೆ ಗುಂಡುಸೂಜಿಯ ನೆನಪಾಗುತ್ತದೆ. ನೋಟುಗಳನ್ನು ಬೆಳಕಿಗೆ ಹಿಡಿದರೆ ತೂತುಗಳು! ಕಳ್ಳನಾದರೋ ರೈಲಿನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು, ಪೊಲೀಸರ ಮುಂದೆ ಮತ್ತೊಂದು ಹೇಳಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿರುತ್ತಾನೆ.

ಈ ಕಥೆಯ ಅಳತೆಯನ್ನು ಗಮನಿಸಬೇಕು. ಅಪರಾಧ ಹುಡುಗನ ಲೋಕದಷ್ಟೇ ದೊಡ್ಡದು, ಹಾಗೆಂದು ಸಣ್ಣದಲ್ಲ. 140 ಮಾರ್ಕುಗಳಿಗಾಗಿ ತಾಯಿ ಎಷ್ಟು ದಿನ ದುಡಿದಿರಬೇಕೆಂಬುದು ಎಮಿಲ್ಲನಿಗೆ ಗೊತ್ತು, ಓದುವವನಿಗೂ ಗೊತ್ತು. ರಕ್ತ ಹರಿಯದೆಯೂ ಎದೆ ಹೊಡೆದುಕೊಳ್ಳುತ್ತದೆ. ಗುಂಡುಸೂಜಿಯ ಸಂಗತಿಯನ್ನು ಲೇಖಕ ಬಚ್ಚಿಟ್ಟಿಲ್ಲ, ಮೊದಲೇ ಕಣ್ಣೆದುರಿಗೆ ಇಟ್ಟಿದ್ದಾನೆ. ಜಾಣ ಹುಡುಗ ಎಮಿಲ್ಲನಿಗಿಂತ ಒಂದು ಕ್ಷಣ ಮುಂಚೆ ಅದನ್ನು ನೆನೆದು ಹಿಗ್ಗಬಹುದು. ನೀತಿಯನ್ನು ಹುಡುಕುವ ದೊಡ್ಡವರಿಗೆ ಕೆಸ್ಟ್ನರ್ ಕೊನೆಯಲ್ಲಿ ಒಂದು ಚೇಷ್ಟೆಯನ್ನೂ ಮಾಡಿದ್ದಾನೆ. ಇದರಿಂದ ಕಲಿತದ್ದೇನು ಎಂಬ ಮಾತು ಬಂದಾಗ, ಯಾರನ್ನೂ ನಂಬಬಾರದೆಂದು ಮುಂತಾಗಿ ಹೇಳುವವರನ್ನೆಲ್ಲ ಅಜ್ಜಿ ತಳ್ಳಿಹಾಕುತ್ತಾಳೆ. ಅವಳು ಕಂಡ ಪಾಠ ಒಂದೇ: ಹಣವನ್ನು ಯಾವಾಗಲೂ ಮನಿಯಾರ್ಡರಿನಲ್ಲಿಯೇ ಕಳಿಸಬೇಕು. ಅದೇ ಅಜ್ಜಿ ಟೆಲಿಫೋನಿನ ಬಳಿ ಕುಳಿತಿದ್ದ ಸಣ್ಣ ಹುಡುಗನನ್ನು ಎಲ್ಲರೆದುರು ಹೊಗಳುತ್ತಾಳೆ. ನಿಜವಾದ ನೀತಿ ಅಲ್ಲಿದೆ. ಆದರೆ ಅದಕ್ಕೆ ನೀತಿಯೆಂಬ ಹೆಸರಿನ ಚೀಟಿ ಅಂಟಿಸಿಲ್ಲ.

ಎಂಟನೆಯ ತರಗತಿಯಲ್ಲಿ ನಾನು ಈ ಕಥೆಯನ್ನು ಕನ್ನಡದಲ್ಲಿ ಹೇಳುತ್ತ, ಎಮಿಲ್ ನಿದ್ದೆಯಿಂದೆದ್ದು ಜೇಬು ಮುಟ್ಟಿ ನೋಡಿಕೊಳ್ಳುವಲ್ಲಿ ಗಂಟೆ ಬಾರಿಸುವಂತೆ ನೋಡಿಕೊಳ್ಳುತ್ತಿದ್ದೆ. ಪಾಠದ ವೇಳೆ ಕಿಟಕಿಯ ಆಚೆ ನೋಡುವವರೇ ಮೊಟ್ಟಮೊದಲು “ಆಮೇಲೆ ಸಾರ್?” ಎನ್ನುತ್ತಿದ್ದರು.

ಎರಡನೆಯ ಅಳತೆ, ಪತ್ತೇದಾರನೇ ನಗೆಗೆ ಈಡಾಗಬಲ್ಲವನಾಗಿರಬೇಕೆಂಬುದು. ಸೋಲದ, ಎಡವದ, ಎಲ್ಲವನ್ನೂ ಬಲ್ಲ ನಾಯಕನೆದುರಿಗೆ ಹಿಂಜರಿಯುವ ಹುಡುಗ ಇನ್ನಷ್ಟು ಕುಗ್ಗುತ್ತಾನೆ. ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ 1946ರಲ್ಲಿ ಆರಂಭಿಸಿದ ಕಾಲೆ ಬ್ಲೂಮ್‌ಕ್ವಿಸ್ಟನ ಮೂರು ಕಾದಂಬರಿಗಳು ಇದಕ್ಕೆ ಒಳ್ಳೆಯ ಉದಾಹರಣೆ. ಕಾಲೆ ದಿನಸಿ ಅಂಗಡಿಯವನ ಮಗ. ಏನೂ ನಡೆಯದ ಪುಟ್ಟ ಊರಿನಲ್ಲಿ ತಾನೊಬ್ಬ ಜಗತ್ಪ್ರಸಿದ್ಧ ಪತ್ತೇದಾರನೆಂದು ಭಾವಿಸಿಕೊಂಡು, ಇಲ್ಲದ ಶ್ರೋತೃವಿಗೆ ತನ್ನ ಪರಾಕ್ರಮವನ್ನು ವರ್ಣಿಸುತ್ತಾನೆ. ಮಲಗಿರುವ ಅತಿಥಿಯ ಬೆರಳಿನ ಗುರುತು ತೆಗೆಯಲು ಹೊರಡುತ್ತಾನೆ. ನಾವು ನಗುತ್ತೇವೆ, ಅಷ್ಟರಲ್ಲಿ ಆ ಅತಿಥಿ ನಿಜವಾಗಿಯೂ ಒಡವೆ ಕಳ್ಳರ ಪೈಕಿಯವನೆಂದು ತಿಳಿದು ನಗೆ ಗಂಟಲಲ್ಲಿ ನಿಲ್ಲುತ್ತದೆ. ಕೆಸ್ಟ್ನರನ ಕಥೆಯಲ್ಲಿ ಹುಡುಗಿಗೆ ಸೈಕಲ್ ಮೇಲೆ ಬಂದು ತಿಂಡಿ ಹಂಚುವ ಕೆಲಸಕ್ಕಿಂತ ಹೆಚ್ಚಿನದು ಸಿಗಲಿಲ್ಲ. ಲಿಂಡ್‌ಗ್ರೆನ್ನಳ ಎವಾ-ಲೊಟ್ಟಾ ಹುಡುಗರಿಗೆ ಸರಿಸಮಳಾಗಿ ಮರ ಹತ್ತಿ ಗೋಡೆ ಹಾರುತ್ತಾಳೆ. 1951ರ ಎರಡನೆಯ ಪುಸ್ತಕದಲ್ಲಿ ಒಂದು ಕೊಲೆಯೂ ಇದೆ. ಹೆಣವನ್ನು ಕಾಣುವವಳು ಆ ಹುಡುಗಿಯೇ. ಇದು ವಯಸ್ಸಿಗೆ ತಕ್ಕದ್ದೆ ಎಂದು ಕೇಳುವವರಿದ್ದಾರೆ. ತಕ್ಕದ್ದೇ ಎಂದು ನನ್ನ ಉತ್ತರ. ಸಾವನ್ನು ಅಲ್ಲಿ ಚಪ್ಪರಿಸಿಕೊಂಡು ವರ್ಣಿಸಿಲ್ಲ. ಅದನ್ನು ಕಂಡ ಮಗುವಿನ ಮನಸ್ಸಿಗೆ ಆದ ಆಘಾತವನ್ನು ಗೌರವದಿಂದ ಹೇಳಿದೆ. ವಯಸ್ಸಿಗೆ ತಕ್ಕದ್ದು ಎಂದರೆ ಕಷ್ಟದ ವಿಷಯವನ್ನೇ ಎತ್ತದಿರುವುದಲ್ಲ, ಎತ್ತಿದ್ದನ್ನು ಮಗುವಿನ ಕೈ ಹಿಡಿದು ದಾಟಿಸುವುದು.

ನಮ್ಮ ದೇಶದಲ್ಲಿಯೇ ಸತ್ಯಜಿತ್ ರಾಯ್ ಅವರು 1965ರಲ್ಲಿ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ಫೆಲುದಾ ಕಥೆಗಳನ್ನು ಆರಂಭಿಸಿದರು. ಆ ಪತ್ರಿಕೆಯನ್ನು 1913ರಲ್ಲಿ ಸ್ಥಾಪಿಸಿದವರು ಅವರ ತಾತ ಉಪೇಂದ್ರಕಿಶೋರರು; ತಂದೆ ಸುಕುಮಾರ ರಾಯರಂತೂ ಬಂಗಾಳದ ಮಕ್ಕಳನ್ನು ನಗಿಸಿದ ಮಹನೀಯರು. ಕಥೆ ಹೇಳುವವನು ಫೆಲುದಾನ ತಮ್ಮನ ಸ್ಥಾನದಲ್ಲಿರುವ ತೊಪ್ಶೆ ಎಂಬ ಹುಡುಗ. ಆದ್ದರಿಂದ ಎಲ್ಲವನ್ನೂ ಹುಡುಗನ ಕಣ್ಣಿನಿಂದಲೇ ನೋಡುತ್ತೇವೆ. 1971ರ ‘ಸೋನಾರ್ ಕೆಲ್ಲಾ’ದಲ್ಲಿ ಲಾಲ್‌ಮೋಹನ ಗಂಗೂಲಿ ಪ್ರವೇಶಿಸುತ್ತಾರೆ. ಅವರು ‘ಜಟಾಯು’ ಎಂಬ ಹೆಸರಿನಲ್ಲಿ ರೋಮಾಂಚಕ ಕಾದಂಬರಿಗಳನ್ನು ಬರೆಯುವವರು, ಅವುಗಳಲ್ಲಿ ತಪ್ಪು ಸಂಗತಿಗಳನ್ನು ತುಂಬುವವರು, ಅಪಾಯದ ಕ್ಷಣದಲ್ಲಿ ನಡುಗುತ್ತಲೇ ಜೊತೆ ಬಿಡದವರು. ಪತ್ತೇದಾರಿ ಸಾಹಿತ್ಯವನ್ನು ಪತ್ತೇದಾರಿ ಕಥೆಯೊಳಗೇ ಹಾಸ್ಯಮಾಡುವ ಈ ಉಪಾಯ ಬಲು ಚೆನ್ನು. ಜಟಾಯು ತಪ್ಪು ಬರೆಯುತ್ತಾರೆ, ಫೆಲುದಾ ತಿದ್ದುತ್ತಾನೆ. ನಡುವೆ ನಮ್ಮ ಹುಡುಗ ರಾಜಸ್ಥಾನದ ಭೂಗೋಳವನ್ನು ತಿಳಿದುಕೊಂಡುಬಿಡುತ್ತಾನೆ. ಆದರೂ ಜಟಾಯುವನ್ನು ಯಾರೂ ಹೀಗಳೆಯುವುದಿಲ್ಲ. ಅವರ ಮೇಲಿನ ನಗೆಯಲ್ಲಿ ಪ್ರೀತಿ ಬೆರೆತಿದೆ.

ಮೂರನೆಯ ಅಳತೆ ಇದರಲ್ಲಿಯೇ ಅಡಗಿದೆ. ಯಾರನ್ನು ನೋಡಿ ನಗುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ಇಂಗ್ಲಿಷ್ ಬಲ್ಲ ಮನೆಗಳಲ್ಲಿ ಎನಿಡ್ ಬ್ಲೈಟನ್ನಳ ಪುಸ್ತಕಗಳು ಬಳಕೆಯಲ್ಲಿವೆ. 1943ರಲ್ಲಿ ಮೊದಲುಗೊಂಡು ಹದಿನೈದು ಪುಸ್ತಕಗಳಾಗಿ ಬೆಳೆದ ಅವಳ ಐವರು ಬಾಲಪತ್ತೇದಾರರ ಮಾಲೆಯಲ್ಲಿ ಗೂನ್ ಎಂಬ ದರ್ಪದ ಪೊಲೀಸನನ್ನು ಮಕ್ಕಳು ಏಮಾರಿಸುವ ಪರಿಗೆ ನಗದವರಿಲ್ಲ. ಅಧಿಕಾರದ ಡಂಭವನ್ನು ಕಂಡು ನಗುವುದು ಆರೋಗ್ಯಕರವಾದ ನಗೆ. ಆದರೆ ನಾಯಕನಿಗೆ ದಪ್ಪಗಿದ್ದಾನೆಂದೇ ಬಂದ ಅಡ್ಡಹೆಸರು ನಮ್ಮ ತರಗತಿಯ ದಪ್ಪ ಹುಡುಗನ ಕಿವಿಗೆ ಹೇಗೆ ಕೇಳೀತೆಂಬುದನ್ನೂ ಯೋಚಿಸಬೇಕು. ಪುಸ್ತಕವನ್ನು ಬಹಿಷ್ಕರಿಸಬೇಕಾಗಿಲ್ಲ, ಯಾರ ಕೈಗೆ ಕೊಡುತ್ತಿದ್ದೇವೆಂಬ ಎಚ್ಚರವಿದ್ದರೆ ಸಾಕು.

ಹೆಚ್ಚು ಹೊತ್ತು ಕೂರಲಾರದವರೂ ಇದ್ದಾರೆ. ಅಂಥವರಿಗೆ ಅಮೆರಿಕದ ಡೊನಾಲ್ಡ್ ಸೋಬಾಲ್ 1963ರಲ್ಲಿ ಆರಂಭಿಸಿದ ‘ಎನ್‌ಸೈಕ್ಲೊಪೀಡಿಯಾ ಬ್ರೌನ್’ ಮಾಲೆ ಅನುಕೂಲ. ಪುಸ್ತಕಕ್ಕೆ ಹತ್ತು ಪ್ರಕರಣ, ಪ್ರಕರಣಕ್ಕೆ ಕೆಲವೇ ಪುಟ. ಉತ್ತರವೆಲ್ಲ ಪುಸ್ತಕದ ಕೊನೆಯಲ್ಲಿ. ಸುಳ್ಳು ಎಲ್ಲಿದೆಯೆಂದು ಓದುವವನೇ ಕಂಡುಹಿಡಿಯಬೇಕು. ಇಪ್ಪತ್ತೈದು ಸೆಂಟು ದಿನಗೂಲಿಯ ಮೇಲೆ ಕೇಸು ಹಿಡಿಯುವ ಆ ಪೋರನನ್ನು ನೋಡಿದರೆ ಒಗಟು ಹೇಳುವ ನಮ್ಮ ಅಜ್ಜಿಯರ ನೆನಪಾಗುತ್ತದೆ.

ಕನ್ನಡದಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಹೇಳುವಾಗ ದನಿ ತಗ್ಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಪತ್ತೇದಾರಿ ಕಾದಂಬರಿಯಲ್ಲ. ಆದರೂ ಹಾರುವ ಓತಿಯೊಂದರ ಬೆನ್ನು ಹತ್ತಿದ ವಿಜ್ಞಾನಿ, ಮಂದಣ್ಣ, ಎಂಗ್ಟ, ಕರಿಯಪ್ಪ, ಕಿವಿ ಎಂಬ ನಾಯಿ ಇವರೆಲ್ಲರ ಮೆರವಣಿಗೆಯಲ್ಲಿ ಹುಡುಕಾಟದ ಬಿಸಿಯೂ ನಗೆಯೂ ಒಟ್ಟಿಗಿವೆ. ಹದಿಮೂರು ಹದಿನಾಲ್ಕರ ಓದುಗನಿಗೆ ನಾನು ಅಳುಕದೆ ಕೊಡುವ ಪುಸ್ತಕ ಅದು. ಅವರದೇ ‘ಚಿದಂಬರ ರಹಸ್ಯ’ (1985) ಎರಡು ವರ್ಷ ಕಾಯಲಿ. ಪುಟ್ಟ ಮಕ್ಕಳಿಗೆ ನಮ್ಮ ದೊಡ್ಡ ಲೇಖಕರು ಮನಸ್ಸಿಟ್ಟು ಬರೆದಿದ್ದಾರೆ; ದೊಡ್ಡವರಿಗೆ ಬರೆದದ್ದಕ್ಕಂತೂ ಕೊರತೆಯಿಲ್ಲ. ಈ ನಡುವಯಸ್ಸಿನ ಕಪಾಟು ಮಾತ್ರ ಬಡವಾಗಿದೆ. ಮಲೆನಾಡಿನ ಒಂದು ಬಸ್ಸು, ದಾವಣಗೆರೆಯ ಒಂದು ಮಂಡಿ, ಬಳ್ಳಾರಿಯ ಒಂದು ಜಾತ್ರೆ, ಅಲ್ಲಿ ಕಳೆದುಹೋದ ಒಂದು ಚೀಲ, ಹುಡುಕಲು ಹೊರಟ ನಾಲ್ಕು ಮಂದಿ ತುಂಟರು: ಇಷ್ಟಿದ್ದರೆ ಸಾಕಲ್ಲವೆ? ನಮ್ಮ ಲೇಖಕರು ಇದನ್ನು ಕೀಳು ಕೆಲಸವೆಂದು ತಿಳಿಯಬಾರದು. ರಾಯ್ ಅವರಂಥ ಕಲಾವಿದರೇ ತಿಳಿಯಲಿಲ್ಲ.

ಪುಸ್ತಕವನ್ನು ಆರಿಸಿದರೆ ಕೆಲಸ ಮುಗಿಯಲಿಲ್ಲ. ಕೊಡುವ ರೀತಿಯೂ ಮುಖ್ಯ. ಕೊಡುವವನು ತಾನು ಮೊದಲು ಓದಿರಬೇಕು, ಓದಿ ನಕ್ಕಿರಬೇಕು. ಒಂದನ್ನೇ ಮುಂದಿಟ್ಟರೆ ಆಜ್ಞೆಯಾಗುತ್ತದೆ, ಮೂರನ್ನಿಟ್ಟರೆ ಆಯ್ಕೆಯಾಗುತ್ತದೆ. ಮೊದಲ ಅಧ್ಯಾಯವನ್ನು ಗಟ್ಟಿಯಾಗಿ ಓದಿ, ಬಿಡಬಾರದ ಕಡೆ ಬಿಡಬೇಕು. ಮುಗಿಸಿದವನನ್ನು ಸಾರಾಂಶ ಕೇಳಬಾರದು, ನೀತಿಯನ್ನಂತೂ ಕೇಳಲೇಬಾರದು. ಫ್ರಾನ್ಸಿನ ಡೇನಿಯಲ್ ಪೆನಾಕ್ ಉಪಾಧ್ಯಾಯನಾಗಿದ್ದವನು; 1992ರಲ್ಲಿ ಆತ ಓದುಗನಿಗೆ ಹತ್ತು ಹಕ್ಕುಗಳನ್ನು ಪಟ್ಟಿಮಾಡಿಕೊಟ್ಟ. ಓದದಿರುವ ಹಕ್ಕು, ಪುಟ ಹಾರಿಸುವ ಹಕ್ಕು, ಅರ್ಧಕ್ಕೆ ಬಿಡುವ ಹಕ್ಕು, ಇವು ಮೊದಲ ಮೂರು. ನಮ್ಮ ಶಾಲೆಗಳು ಕೊನೆಯದೊಂದನ್ನಾದರೂ ಒಪ್ಪಿಕೊಂಡರೆ ಎಷ್ಟೋ ಹುಡುಗರು ಮೂರನೆಯ ಪುಸ್ತಕದವರೆಗೆ ಬಂದಾರು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಲ್ಲಿ 2020ರಿಂದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಮಕ್ಕಳನ್ನು ಉಚಿತ ಸದಸ್ಯರನ್ನಾಗಿ ಮಾಡಿಕೊಳ್ಳಲು ಮೊದಲುಮಾಡಿದ್ದು ಒಳ್ಳೆಯ ಕೆಲಸ. ಆದರೆ ಬಾಗಿಲು ತೆರೆದ ಮೇಲೆ ಒಳಗೆ ನಗಿಸುವ ಪುಸ್ತಕವಿರಬೇಕು.

ಇಷ್ಟಕ್ಕೂ ನಷ್ಟವೇನು, ಹುಡುಗ ಓದದಿದ್ದರೆ? 1933ರ ಮೇ 10ರಂದು ಬರ್ಲಿನಿನ ಚೌಕದಲ್ಲಿ ನಾಜಿಗಳು ಪುಸ್ತಕಗಳನ್ನು ಸುಟ್ಟಾಗ ಕೆಸ್ಟ್ನರನ ಪುಸ್ತಕಗಳೂ ಬೆಂಕಿಗೆ ಬಿದ್ದವು. ಆತ ಜನರ ನಡುವೆ ನಿಂತು ಅದನ್ನು ನೋಡಿದ. ಕೂಗಿದ್ದನ್ನೆಲ್ಲ ನಂಬುವ ಜನ ತನ್ನ ಸುತ್ತ ಎಷ್ಟು ಬೆಳೆದಿದ್ದರೆಂಬುದು ಅವನಿಗೆ ಅಲ್ಲಿ ಕಂಡಿರಬೇಕು. ಇಂದು ನಮ್ಮ ಹದಿಮೂರರ ಹುಡುಗನ ಕೈಯಲ್ಲಿರುವ ಫೋನಿಗೆ ದಿನಕ್ಕೆ ನೂರು ಮಾತುಗಳು ಬರುತ್ತವೆ. ಯಾರೋ ಯಾರನ್ನೋ ಕಳ್ಳನೆನ್ನುತ್ತಾರೆ, ದ್ರೋಹಿಯೆನ್ನುತ್ತಾರೆ, ಮುಂದಕ್ಕೆ ಕಳಿಸು ಎನ್ನುತ್ತಾರೆ. ಗಟ್ಟಿಹ್ಯಾಟಿನ ಮಹಾಶಯನ ಬುರುಡೆಗೆ ಒಮ್ಮೆ ನಕ್ಕ ಹುಡುಗ, ನೋಟನ್ನು ಬೆಳಕಿಗೆ ಹಿಡಿದು ಗುಂಡುಸೂಜಿಯ ತೂತನ್ನು ಹುಡುಕಿದ ಹುಡುಗ, ಇಂಥ ಮಾತಿಗೂ ಸಾಕ್ಷಿ ಎಲ್ಲಿ ಎಂದು ಕೇಳಿಯಾನು ಎಂಬ ಆಸೆ ನನಗಿದೆ. ಮಹಾಕಾವ್ಯಗಳನ್ನು ಅವನು ಮುಂದೆ ಓದಲಿ, ಓದದೆ ಇರಲಿ. ಈ ಅಭ್ಯಾಸವೊಂದು ಹತ್ತಿದರೆ ಆ ಪತ್ತೇದಾರಿ ಪುಸ್ತಕಕ್ಕೆ ಕೊಟ್ಟ ಹಣ ದಂಡವಾಯಿತೆಂದು ನಾನಂತೂ ಹೇಳಲಾರೆ.